ಶೂಗೇಜ್, ಗಿಟಾರ್ ಎಫೆಕ್ಟ್ ಮತ್ತು ಹಳೆಯ ನೆನಪು: ಉತ್ತರ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಈಗ ಶೂಗೇಜ್ ಕೇಳುವ ಹುಡುಗ ಹುಡುಗಿಯರು ಸಿಗುತ್ತಾರೆ. ಹೆಚ್ಚಿನವರು ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವವರು. ಕೆಲವರು ಗಿಟಾರ್ ಹಿಡಿದಿದ್ದಾರೆ, ಒಂದೆರಡು ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಕೊಂಡಿದ್ದಾರೆ, ಮುಂದೇನು ಅಂತ ಕೇಳುತ್ತಾರೆ. ಇಂಗ್ಲೆಂಡಿನ ಚಳಿಯಲ್ಲಿ ಕೂತು ಬರೆದ ಸಲಹೆ ನಮ್ಮ ಜೂನ್ ತಿಂಗಳಿಗೆ ಹೊಂದುವುದಿಲ್ಲ. ಹಾಗಾಗಿ ನಮ್ಮ ಮಳೆ, ನಮ್ಮ ಕರೆಂಟು, ನಮ್ಮ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ.

ಶೂಗೇಜ್ ಅಂದ್ರೆ ಏನು?

1980ರ ದಶಕದ ಕೊನೆಗೆ ಬ್ರಿಟನ್ ಮತ್ತು ಐರ್ಲೆಂಡ್‌ನ ಕೆಲವು ತಂಡಗಳು ಕಟ್ಟಿದ ರಾಕ್ ಸಂಗೀತದ ಒಂದು ಬಗೆ. ಗಿಟಾರಿನ ಸದ್ದು ಎಷ್ಟು ದಟ್ಟವಾಗಿರುತ್ತದೆ ಅಂದ್ರೆ, ಯಾವುದು ಬಾರಿಸಿದ ಸ್ವರ, ಯಾವುದು ಅದರ ಗುಂಗು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಹಾಡುವವರ ದನಿ ಆ ಸದ್ದಿನ ಒಳಗೇ ಎಲ್ಲೋ ಸಣ್ಣಗೆ ಕೇಳುತ್ತದೆ.

ಹೆಸರು ಇಟ್ಟದ್ದು ಪತ್ರಿಕೆಯವರು. ಮೂಸ್ ಎಂಬ ತಂಡದ ಗಾಯಕ ನೆಲಕ್ಕೆ ಅಂಟಿಸಿದ ಸಾಹಿತ್ಯ ನೋಡಿಕೊಂಡು ಹಾಡುತ್ತಿದ್ದ. ಅದನ್ನು ನೋಡಿ ಸೌಂಡ್ಸ್ ಎಂಬ ವಾರಪತ್ರಿಕೆ, ಇವರು ಬೂಟು ನೋಡುವವರು ಅಂತ ಬರೆಯಿತು. ಗಿಟಾರಿಸ್ಟ್‌ಗಳೂ ಕಾಲ ಬಳಿಯ ಪೆಡಲ್ ಒತ್ತಲು ತಲೆ ತಗ್ಗಿಸಿಯೇ ಇರುತ್ತಿದ್ದರು. ಹಾಗಾಗಿ ಆ ಹೆಸರು ಉಳಿದುಬಿಟ್ಟಿತು. ಹೀಯಾಳಿಸಲು ಇಟ್ಟ ಹೆಸರನ್ನು ಈಗ ಅಭಿಮಾನಿಗಳು ಪ್ರೀತಿಯಿಂದ ಹೇಳುತ್ತಾರೆ.

ಎಲ್ಲಿಂದ ಕೇಳಲು ಶುರು ಮಾಡಲಿ?

ಮೊದಲು ಬೇರಿಗೆ ಹೋಗಿ. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್, ಮತ್ತೆ 1985ರಲ್ಲಿ ಮೊದಲ ಆಲ್ಬಂ ತಂದ ಜೀಸಸ್ ಆಂಡ್ ಮೇರಿ ಚೈನ್. ಮೊದಲನೆಯವರಿಂದ ಮಿನುಗುವ ಗಿಟಾರ್ ಬಂತು, ಎರಡನೆಯವರಿಂದ ಕರ್ಕಶ ಸದ್ದಿನೊಳಗೆ ಸಿಹಿ ಹಾಡು ಅಡಗಿಸುವ ಧೈರ್ಯ ಬಂತು. ಆಮೇಲೆ ಮೈ ಬ್ಲಡಿ ವ್ಯಾಲೆಂಟೈನ್‌ನ 1991ರ ‘ಲವ್‌ಲೆಸ್’, ಆಕ್ಸ್‌ಫರ್ಡ್‌ನ ರೈಡ್ ತಂಡದ 1990ರ ‘ನೋವೇರ್’, ರೆಡಿಂಗ್ ಊರಿನ ಸ್ಲೋಡೈವ್‌ನ 1993ರ ‘ಸುವ್ಲಾಕಿ’. ಲಷ್, ಪೇಲ್ ಸೇಂಟ್ಸ್, ಚಾಪ್ಟರ್‌ಹೌಸ್ ಆಮೇಲೆ ಬರಲಿ. ಮೊದಲ ಸಲ ಕೇಳಿ ಏನೂ ಅರ್ಥವಾಗದಿದ್ದರೆ ಗಾಬರಿ ಬೇಡ. ಸ್ವಲ್ಪ ಸಣ್ಣ ವಾಲ್ಯೂಮ್‌ನಲ್ಲಿ, ಬೇರೆ ಕೆಲಸ ಇಲ್ಲದ ಹೊತ್ತಿನಲ್ಲಿ ಮತ್ತೆ ಕೇಳಿ. ಒಳಗಿನ ರಾಗ ನಿಧಾನಕ್ಕೆ ಮೇಲೆ ಬರುತ್ತದೆ.

ಈ ಸದ್ದು ಬರುವುದು ಪೆಡಲ್‌ನಿಂದಲಾ, ಕೈಯಿಂದಲಾ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಇದರ ಉತ್ತರ ಗೊತ್ತಾದರೆ ಸಾಕಷ್ಟು ದುಡ್ಡೂ ಉಳಿಯುತ್ತದೆ.

‘ಲವ್‌ಲೆಸ್’ ಕೇಳಿದವರು ಅಲ್ಲಿ ನೂರಾರು ಗಿಟಾರ್ ಟ್ರ್ಯಾಕ್ ಇದೆ, ಸದ್ದನ್ನು ಅಲೆಯಾಡಿಸುವ ಕೋರಸ್, ಫ್ಲ್ಯಾಂಜರ್ ಪೆಡಲ್‌ಗಳ ರಾಶಿಯೇ ಇದೆ ಅಂದುಕೊಳ್ಳುತ್ತಾರೆ. ಮೈ ಬ್ಲಡಿ ವ್ಯಾಲೆಂಟೈನ್‌ನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಇದನ್ನು ಹಲವು ಸಲ ತಳ್ಳಿಹಾಕಿದ್ದಾರೆ. ಅಲೆಯಾಡುವ ಆ ಸದ್ದಿನ ಮೂಲ ಅವರ ಬಲಗೈ. ಫೆಂಡರ್ ಜಾಝ್‌ಮಾಸ್ಟರ್, ಜಾಗ್ವಾರ್ ಗಿಟಾರ್‌ಗಳಲ್ಲಿ ಉದ್ದನೆಯ ಟ್ರೆಮೊಲೊ ಕಡ್ಡಿ ಇರುತ್ತದೆ. ಬೇರೆಯವರು ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರ) ಬಾರಿಸಿ ಆಮೇಲೆ ಆ ಕಡ್ಡಿ ಅಲ್ಲಾಡಿಸುತ್ತಾರೆ. ಶೀಲ್ಡ್ಸ್ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಸ್ಟ್ರಮ್ ಮಾಡುತ್ತಾರೆ. ಕೈ ಮೇಲೆ ಕೆಳಗೆ ಹೋದ ಹಾಗೆ ಇಡೀ ಕಾರ್ಡ್‌ನ ಶ್ರುತಿ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ. ಪ್ರತಿ ಹೊಡೆತಕ್ಕೂ ಓಲಾಟ ಬೇರೆ. ಯಾವ ಪೆಡಲ್ಲೂ ಹಾಗೆ ಮಾಡಲಾರದು, ಯಾಕೆಂದರೆ ಪೆಡಲ್‌ನ ಓಲಾಟಕ್ಕೆ ಒಂದು ನಿಗದಿತ ವೇಗ ಇರುತ್ತದೆ, ಕೈಗೆ ಇರುವುದಿಲ್ಲ.

ಇದನ್ನು ಇವತ್ತೇ ಮಾಡಿ ನೋಡಬಹುದು. ಸ್ಟ್ರ್ಯಾಟ್ ಮಾದರಿಯ ಕಡಿಮೆ ಬೆಲೆಯ ಗಿಟಾರ್‌ನಲ್ಲೂ ಕಡ್ಡಿ ಇರುತ್ತದೆ. ಬ್ರಿಡ್ಜ್ (ತಂತಿಗಳು ಕೂರುವ ತಟ್ಟೆ) ಸ್ವಲ್ಪ ಮೇಲೆ ತೇಲುವ ಹಾಗೆ ಹಿಂದಿನ ಸ್ಪ್ರಿಂಗ್ ಸ್ಕ್ರೂ ಸಡಿಲ ಮಾಡಿಕೊಳ್ಳಿ. ಕಡ್ಡಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿಯಬೇಡಿ, ಅಂಗೈಗೆ ಸುಮ್ನೆ ತಾಗುವಷ್ಟು ಸಾಕು. ದೊಡ್ಡದಾಗಿ ಬಗ್ಗಿಸಲು ಹೋದರೆ ಹಾಡು ಕೆಡುತ್ತದೆ. ಕೇಳುವವರಿಗೆ ಶ್ರುತಿ ತಪ್ಪಿತಾ ಇಲ್ಲವಾ ಅಂತ ಅನುಮಾನ ಬರುವಷ್ಟು ಓಲಿದರೆ ಅದೇ ಸರಿಯಾದ ಅಳತೆ.

ಇನ್ನೊಂದು ಮಾತು. ಜಾಝ್‌ಮಾಸ್ಟರ್ 1958ರಲ್ಲಿ ಜಾಝ್ ನುಡಿಸುವವರಿಗಾಗಿ ಬಂದ ಗಿಟಾರ್. ಅವರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. 1980ರ ದಶಕದಲ್ಲಿ ಅದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರು ಅದನ್ನು ಕೊಂಡರು. ಇವತ್ತು ಅದರ ಬೆಲೆ ನೋಡಿ ಎದೆಗುಂದುವವರು ಈ ವಿಷಯ ನೆನಪಿಟ್ಟುಕೊಳ್ಳಿ: ಆಗ ಕೈಗೆ ಸಿಕ್ಕಿದ್ದರಲ್ಲೇ ಅವರು ಈ ಸಂಗೀತ ಕಟ್ಟಿದರು.

ಮೊದಲು ಯಾವ ಪೆಡಲ್ ತಗೊಳ್ಳಲಿ?

ಸದ್ದನ್ನು ಒರಟು ಮಾಡುವ ಒಂದು ಫಜ್ ಅಥವಾ ಡಿಸ್ಟಾರ್ಷನ್, ದೊಡ್ಡ ಕೋಣೆಯ ಗುಂಗು ಕೊಡುವ ಒಂದು ರಿವರ್ಬ್. ಇಷ್ಟರಿಂದ ಮುಕ್ಕಾಲು ದಾರಿ ಮುಗಿಯುತ್ತದೆ. ನುಡಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಡಿಲೇ ಮೂರನೆಯದು.

ಫಜ್‌ಗೆ 1969ರಿಂದ ಇರುವ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್ ಮತ್ತು ಅದರ ನಕಲುಗಳು ಒಳ್ಳೆಯವು, ಅವುಗಳಲ್ಲಿ ಸ್ವರ ತುಂಬ ಹೊತ್ತು ನಿಲ್ಲುತ್ತದೆ. ಪ್ರೊಕೋ ರ‍್ಯಾಟ್ ಮಾದರಿ ಸ್ವಲ್ಪ ಒರಟು, ಆದರೆ ಕಾರ್ಡ್ ಬಿಡಿಬಿಡಿಯಾಗಿ ಕೇಳುತ್ತದೆ. ನನಗೆ ಕಾರ್ಡ್ ನುಡಿಸಲು ರ‍್ಯಾಟ್ ಇಷ್ಟ, ಒಂಟಿ ತಂತಿಯ ಸಾಲಿಗೆ ಮಫ್ ಇಷ್ಟ.

ಬಜೆಟ್ ತೀರಾ ಕಡಿಮೆ ಇದ್ದರೆ ಬಿಡಿ ಪೆಡಲ್ ಬಿಟ್ಟು ಜೂಮ್ ಎಂಎಸ್-50ಜಿ ತರಹದ ಪುಟ್ಟ ಮಲ್ಟಿ ಎಫೆಕ್ಟ್ ನೋಡಿ. ಒಂದೇ ಡಬ್ಬಿಯಲ್ಲಿ ಆರು ಎಫೆಕ್ಟ್ ಸಾಲಾಗಿ ಜೋಡಿಸಬಹುದು, ಕ್ರಮವನ್ನೂ ಬದಲಿಸಬಹುದು. ಲ್ಯಾಪ್‌ಟಾಪ್ ಇದ್ದವರಿಗೆ ವಾಲ್‌ಹಾಲಾ ಸೂಪರ್‌ಮ್ಯಾಸಿವ್ ಎಂಬ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಎಫೆಕ್ಟ್) 2020ರಿಂದ ಉಚಿತವಾಗಿ ಸಿಗುತ್ತಿದೆ. ದೊಡ್ಡ ರಿವರ್ಬ್, ದೊಡ್ಡ ಡಿಲೇಗೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ನಮ್ಮ ಕಡೆಯವರು ಹುಬ್ಬಳ್ಳಿಗೋ ಮಡಗಾಂವ್‌ಗೋ ಹೋಗಿಯೇ ಕೊಳ್ಳಬೇಕಾಗುತ್ತದೆ, ಇಲ್ಲವೇ ಆನ್‌ಲೈನ್. ಅಂಗಡಿಗೆ ಹೋಗುವುದಾದರೆ ನಿಮ್ಮ ಗಿಟಾರನ್ನೇ ಜೊತೆಗೆ ಒಯ್ಯಿರಿ. ಅವರ ಗಿಟಾರ್‌ನಲ್ಲಿ ಚೆನ್ನಾಗಿ ಕೇಳಿದ ಫಜ್ ನಿಮ್ಮ ಗಿಟಾರ್‌ನಲ್ಲಿ ಹಾಗೆಯೇ ಕೇಳಬೇಕೆಂದಿಲ್ಲ.

ರಿವರ್ಬ್ ಮೊದಲಾ, ಫಜ್ ಮೊದಲಾ?

ಪುಸ್ತಕದ ಕ್ರಮ ಹೀಗೆ: ಗಿಟಾರ್, ಫಜ್, ಕೋರಸ್ ಮುಂತಾದವು, ಡಿಲೇ, ಕೊನೆಗೆ ರಿವರ್ಬ್. ಈ ಕ್ರಮದಲ್ಲಿ ಒರಟು ಗಿಟಾರ್ ಒಂದು ದೊಡ್ಡ ಕೋಣೆಯಲ್ಲಿ ನುಡಿದ ಹಾಗೆ ಕೇಳುತ್ತದೆ.

ಈಗ ರಿವರ್ಬ್ ತೆಗೆದು ಫಜ್‌ನ ಮುಂದೆ ಹಾಕಿ. ಬೇರೆಯೇ ಲೋಕ. ಕಾರಣ ಸರಳ. ಫಜ್ ಸಣ್ಣ ಸದ್ದನ್ನು ಹಿಗ್ಗಿಸುತ್ತದೆ, ದೊಡ್ಡ ಸದ್ದಿನ ತಲೆ ಕತ್ತರಿಸುತ್ತದೆ. ಸ್ವರ ನಿಂತ ಮೇಲೆ ಉಳಿಯುವ ಗುಂಗು ಸಾಮಾನ್ಯವಾಗಿ ಮೆಲ್ಲಗೆ ಅಡಗಿಹೋಗುತ್ತದೆ. ಅದು ಫಜ್‌ನ ಒಳಗೆ ಹೋದರೆ, ಅಡಗುವ ಬದಲು ಮೂಲ ಸ್ವರದಷ್ಟೇ ಜೋರಾಗಿ ನಿಲ್ಲುತ್ತದೆ. ಅಂದರೆ ಕೋಣೆಯೇ ಒರಟಾಗುತ್ತದೆ. ಸ್ವರಕ್ಕೂ ಗುಂಗಿಗೂ ಇರುವ ಗೆರೆ ಅಳಿಸಿಹೋಗುತ್ತದೆ. ನೀವು ಹುಡುಕುತ್ತಿರುವ ದಟ್ಟ ಗೋಡೆಯಂಥ ಸದ್ದು ಅಲ್ಲೇ ಸಿಗುತ್ತದೆ.

ಹೀಗೆ ಜೋಡಿಸಿದಾಗ ಕೆಲವು ಎಚ್ಚರಿಕೆ ಬೇಕು. ರಿವರ್ಬ್‌ನ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇಟ್ಟು ಶುರು ಮಾಡಿ. ಗಿಟಾರಿನ ಟೋನ್ ನಾಬ್ ಇಳಿಸಿ, ಇಲ್ಲದಿದ್ದರೆ ಕಿವಿ ಕೊರೆಯುತ್ತದೆ. ಆರು ತಂತಿಯ ತುಂಬು ಮೇಜರ್ ಕಾರ್ಡ್ ಬೇಡ. ಫಜ್‌ನಲ್ಲಿ ಸ್ವರಗಳು ಒಂದಕ್ಕೊಂದು ಬೆರೆತು ಹೊಸ ಸ್ವರ ಹುಟ್ಟುತ್ತವೆ, ಕಾರ್ಡ್‌ನ ಮೂರನೆಯ ಸ್ವರ ಅದರಲ್ಲಿ ಕೆಸರಾಗುತ್ತದೆ. ಮೂಲ ಸ್ವರ, ಐದನೆಯ ಸ್ವರ, ಮತ್ತೆ ತೆರೆದ ಒಂದೆರಡು ತಂತಿ ಸಾಕು.

ಇನ್ನೊಂದು ಗುಟ್ಟು ರಿವರ್ಸ್ ರಿವರ್ಬ್. ಇದರಲ್ಲಿ ಗುಂಗು ಇಳಿಯುವ ಬದಲು ಏರುತ್ತಾ ಬಂದು ಥಟ್ಟನೆ ನಿಲ್ಲುತ್ತದೆ. ಯಮಹಾ ಎಸ್‌ಪಿಎಕ್ಸ್90, ಅಲೆಸಿಸ್ ಮಿಡಿವರ್ಬ್ 2 ಎಂಬ 1980ರ ದಶಕದ ಸ್ಟುಡಿಯೋ ಪೆಟ್ಟಿಗೆಗಳಲ್ಲಿ ಇದು ಇತ್ತು, ಶೀಲ್ಡ್ಸ್ ಅವನ್ನು ಬಳಸಿದರು. ಸ್ಲೋಡೈವ್‌ನವರು ಯಮಹಾ ಎಫ್‌ಎಕ್ಸ್500ರ ಸಾಫ್ಟ್ ಫೋಕಸ್ ಎಂಬ ಸೆಟ್ಟಿಂಗ್ ಬಳಸಿದರು. ಈಗ ಅದೇ ಸೆಟ್ಟಿಂಗ್ ಅನುಸರಿಸಿ ಮಾಡಿದ ಪೆಡಲ್‌ಗಳೇ ಬಂದಿವೆ. ರಿವರ್ಸ್ ರಿವರ್ಬ್ ಬಳಸುವಾಗ ಮೂಲ ಸ್ವರವನ್ನು ಪೂರ್ತಿ ತೆಗೆದು ಬರೀ ಎಫೆಕ್ಟ್ ಮಾತ್ರ ಬಿಡಿ. ಪಿಕ್ ತಂತಿಗೆ ತಾಗಿದ ಸದ್ದು ಮಾಯವಾಗುತ್ತದೆ. ಬಾರಿಸಿದ್ದು ಯಾವಾಗ ಅಂತಲೇ ತಿಳಿಯುವುದಿಲ್ಲ.

ಡಿಲೇ ಸಮಯ ಎಷ್ಟು ಇಡಬೇಕು?

60,000ವನ್ನು ಹಾಡಿನ ವೇಗ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅಂತ ಹೇಳುವ ಬಿಪಿಎಂನಿಂದ ಭಾಗಿಸಿ. 100 ಬಿಪಿಎಂ ಹಾಡಿಗೆ 600 ಮಿಲಿಸೆಕೆಂಡ್ ಒಂದು ಬೀಟ್. ಅದರ ಮುಕ್ಕಾಲು, ಅಂದರೆ 450 ಇಟ್ಟರೆ ಡಿಲೇ ಬೀಟ್‌ಗಳ ನಡುವೆ ಬಂದು ಕೂರುತ್ತದೆ. ಲಯ ಬೇಡ, ಬರೀ ಮಸುಕು ಬೇಕು ಅಂದ್ರೆ ಎರಡು ಡಿಲೇ ಹಾಕಿ, ಒಂದಕ್ಕೊಂದು ಲೆಕ್ಕ ಕೂಡದ ಸಮಯ ಇಡಿ.

ನಾನು ಹುಟ್ಟಿದ್ದೇ 2004ರಲ್ಲಿ. 1991ರ ಹಾಡು ಕೇಳಿದರೆ ಏನೋ ಕಳೆದುಕೊಂಡ ಹಾಗೆ ಯಾಕೆ ಅನಿಸುತ್ತದೆ?

ಇದನ್ನು ಸಂಕೋಚದಿಂದ ಕೇಳುವವರು ಜಾಸ್ತಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀವು ನೋಡದ ಊರು, ನೀವು ಇರದ ಕಾಲ, ಆದರೂ ಗಂಟಲು ಕಟ್ಟುತ್ತದೆ. ನನ್ನ ಉತ್ತರ ಇದು: ಆ ಹಳಹಳಿ 1991ರದ್ದಲ್ಲ. ಅದನ್ನು ಎಬ್ಬಿಸುವುದು ಆ ಎಫೆಕ್ಟ್‌ಗಳೇ, ತುಂಬಿಸುವುದು ನಿಮ್ಮ ಸ್ವಂತ ನೆನಪು.

ಎಫೆಕ್ಟ್‌ಗಳು ಏನು ಮಾಡುತ್ತವೆ ನೋಡಿ. ಡಿಲೇ ಅಂದರೆ ಈಗಷ್ಟೇ ಮುಗಿದದ್ದು ಮತ್ತೆ ಕೇಳುವುದು, ಪ್ರತಿ ಸಲ ಸ್ವಲ್ಪ ಸಣ್ಣದಾಗಿ, ಹಳೆಯ ಟೇಪ್ ಎಕೋ ಆದರೆ ಪ್ರತಿ ಸಲ ಸ್ವಲ್ಪ ಮಸುಕಾಗಿ. ರಿವರ್ಬ್ ಅಂದರೆ ಒಂದು ಜಾಗ, ನಿಮ್ಮ ಎದುರಿಗೆ ಇಲ್ಲದ ಜಾಗ. ಶ್ರುತಿಯ ಓಲಾಟ ಅಂದರೆ ಹಳತಾದ ಯಂತ್ರ. ಹೂತುಹೋದ ದನಿ ಅಂದರೆ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ, ಶಬ್ದ ಸ್ಪಷ್ಟವಿಲ್ಲ, ಧಾಟಿ ಮಾತ್ರ ಗೊತ್ತಾಗುತ್ತದೆ. ಚಿಕ್ಕವರಿದ್ದಾಗ ಮಲಗಿಕೊಂಡು ದೊಡ್ಡವರ ಮಾತು ಕೇಳಿದ್ದು ಹೀಗೇ ಅಲ್ವಾ? ಕಿವಿ ಇದನ್ನೆಲ್ಲ ದೂರ, ಹಿಂದೆ ಅಂತಲೇ ಓದುತ್ತದೆ. ಸಾಹಿತ್ಯ ತಿಳಿಯದ ಕಾರಣ ಅಲ್ಲಿ ಯಾರ ಕಥೆಯೂ ನಿಲ್ಲುವುದಿಲ್ಲ. ಆ ಖಾಲಿ ಜಾಗಕ್ಕೆ ನಿಮ್ಮದು ಬಂದು ಸೇರುತ್ತದೆ.

ಮತ್ತೆ ನಮ್ಮ ಜಿಲ್ಲೆಯವರಿಗೆ ಕಳೆದುಕೊಂಡದ್ದಕ್ಕೆ ಬರವಿಲ್ಲ. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮನೆಗಳಲ್ಲಿ ಹಿರಿಯರು ಇವತ್ತಿಗೂ ಹಳೆಯ ಅಂಗಳದ ಲೆಕ್ಕದಲ್ಲೇ ದಿಕ್ಕು ಹೇಳುತ್ತಾರೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಅದರ ಮೇಲೆ ಬಸ್ಸಿನಲ್ಲಿ ಹೋಗುತ್ತಾ ಸದಾಶಿವಗಡದ ಗುಡ್ಡ ನೋಡಿ ಬೆಳೆದವರಿಗೆ ಆ ದಾರಿ ಈಗ ನೆನಪಿನಲ್ಲಿ ಮಾತ್ರ ಇದೆ. ಶಿರಸಿ, ಸಿದ್ದಾಪುರದ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೆ ಹೋಗಿ, ಅಪ್ಪ ಅಮ್ಮ ಇಬ್ಬರೇ ತೋಟ ನೋಡಿಕೊಂಡಿದ್ದಾರೆ. ಇಂಥ ಕಡೆ ಬೆಳೆದವರಿಗೆ ಸ್ಲೋಡೈವ್ ತಾಗದಿದ್ದರೆ ಅದೇ ಆಶ್ಚರ್ಯ.

ಹಾಗಾಗಿ ನನ್ನ ಮಾತು ಇಷ್ಟೇ. ಇಂಗ್ಲೆಂಡಿನವರ ಹಳಹಳಿಯನ್ನು ನಕಲು ಮಾಡಲು ಹೋಗಬೇಡಿ. ಅವರ ವಿದ್ಯೆ ಕಲಿಯಿರಿ, ನೆನಪು ನಿಮ್ಮದೇ ಹಾಕಿ.

ಆ ಕಾಲದಲ್ಲಿ ಈ ತಂಡಗಳು ದೊಡ್ಡ ಹೆಸರು ಮಾಡಿದ್ದವಾ?

ಸ್ವಲ್ಪ ಕಾಲ, ಅಷ್ಟೇ. 1991ರ ಕೊನೆಗೆ ಅಮೆರಿಕದ ಗ್ರಂಜ್ ಎಂಬ ಒರಟು ರಾಕ್ ಬಂತು, ಆಮೇಲೆ ಬ್ರಿಟ್‌ಪಾಪ್. ಇಂಗ್ಲಿಷ್ ಪತ್ರಿಕೆಗಳು ಇವರನ್ನು ಗೇಲಿ ಮಾಡಿದವು. ಸ್ಲೋಡೈವ್ 1995ರಲ್ಲಿ ಮೂರನೆಯ ಆಲ್ಬಂ ತಂದ ಮೇಲೆ ಅವರ ರೆಕಾರ್ಡ್ ಕಂಪನಿ ಅವರನ್ನು ಕೈಬಿಟ್ಟಿತು. ಅದೇ ತಂಡ 2014ರಲ್ಲಿ ಮತ್ತೆ ಸೇರಿತು. 2023ರ ಆಲ್ಬಂ ಬ್ರಿಟನ್‌ನಲ್ಲಿ ಟಾಪ್ 10ಕ್ಕೆ ಹೋಯಿತು. ಮೈ ಬ್ಲಡಿ ವ್ಯಾಲೆಂಟೈನ್ 1991ರ ನಂತರದ ಆಲ್ಬಂ ತಂದದ್ದು 2013ರಲ್ಲಿ.

ಹೊಸ ಕೇಳುಗರನ್ನು ತಂದದ್ದು ಹೆಚ್ಚಾಗಿ ಸಣ್ಣ ವಿಡಿಯೋಗಳು. ಟಿಕ್‌ಟಾಕ್ ನಮ್ಮಲ್ಲಿ 2020ರಲ್ಲೇ ನಿಂತಿತು, ಆದರೆ ಅದೇ ತುಣುಕುಗಳು ರೀಲ್ಸ್, ಯೂಟ್ಯೂಬ್ ಹಿಡಿದು ಇಲ್ಲಿಗೂ ಬಂದವು. ಹಾಗೆ ಬಂದವರನ್ನು ಹಳಬರು ಕೀಳಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ. ಹಾಡು ಯಾವ ಬಾಗಿಲಿನಿಂದ ಬಂದರೇನು?

ಹಳೆಯ ಕ್ಯಾಸೆಟ್‌ನಂತೆ ಓಲಾಡುವ ಸದ್ದು ಹೇಗೆ ತರುವುದು?

ಕ್ಯಾಸೆಟ್‌ನ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾದರೆ, ರೋಲರ್ ಅಂಟಂಟಾದರೆ, ವೇಗ ಏರುಪೇರಾಗುತ್ತದೆ. ಅದರ ಜೊತೆ ಶ್ರುತಿಯೂ ಏರಿಳಿಯುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಇಟ್ಟ ಟೇಪ್ ರೆಕಾರ್ಡರ್‌ಗಳಿಗೆ ಈ ರೋಗ ಬೇಗ ಬರುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟೇಪ್ ರೆಕಾರ್ಡರ್ ಇದ್ದರೆ ಇಳಿಸಿ. ರೆಕಾರ್ಡ್ ಬಟನ್ ಕೆಲಸ ಮಾಡಿದರೆ ನಿಮ್ಮ ಗಿಟಾರನ್ನು ಅದಕ್ಕೆ ರೆಕಾರ್ಡ್ ಮಾಡಿ, ಮತ್ತೆ ಕಂಪ್ಯೂಟರಿಗೆ ತನ್ನಿ. ಹೆಡ್ ಒರೆಸಲು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಸಾಕು. ಒಂದು ಕಳಕಳಿಯ ಮಾತು: ಮನೆಯ ಯಕ್ಷಗಾನದ ಕ್ಯಾಸೆಟ್, ಮದುವೆಯ ಕ್ಯಾಸೆಟ್, ಅಜ್ಜಿಯ ಹಾಡಿನ ಕ್ಯಾಸೆಟ್ ಮೇಲೆ ರೆಕಾರ್ಡ್ ಮಾಡಬೇಡಿ. ಮೊದಲು ಅವನ್ನು ಡಿಜಿಟಲ್ ಮಾಡಿ ಇಟ್ಟುಕೊಳ್ಳಿ. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಬೇಡಿ, ಹರಿಯಬಹುದು.

ಯಂತ್ರ ಇಲ್ಲದಿದ್ದರೆ ಶ್ರುತಿಯನ್ನು ಓಲಾಡಿಸುವ ವೈಬ್ರಾಟೊ ಪೆಡಲ್ ಸಾಕು. ವೇಗ ತೀರಾ ನಿಧಾನ, ಆಳ ತೀರಾ ಕಡಿಮೆ.

ನಮ್ಮೂರಿನ ಜಾಗಗಳ ಗುಂಗನ್ನೇ ರಿವರ್ಬ್ ಆಗಿ ಬಳಸಬಹುದಾ?

ಖಂಡಿತ. ಈ ಪುಟದಲ್ಲಿ ಒಂದೇ ಒಂದು ಸಂಗತಿ ಮಾಡಿ ನೋಡುವುದಾದರೆ ಇದನ್ನೇ ಮಾಡಿ ಅಂತ ಹೇಳುತ್ತೇನೆ.

ಒಂದು ಜಾಗದಲ್ಲಿ ಚುರುಕಾದ ಸದ್ದು ಮಾಡಿ, ಅದರ ಗುಂಗನ್ನು ಪೂರ್ತಿ ರೆಕಾರ್ಡ್ ಮಾಡಿದರೆ ಆ ಜಾಗದ ಗುಣವೆಲ್ಲ ಅದರಲ್ಲಿ ಸೇರಿರುತ್ತದೆ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ಕನ್ವಲ್ಯೂಷನ್ ರಿವರ್ಬ್ ಎಂಬ ಸಾಫ್ಟ್‌ವೇರ್‌ಗೆ ಆ ಫೈಲ್ ಕೊಟ್ಟರೆ ನಿಮ್ಮ ಗಿಟಾರ್ ಅದೇ ಜಾಗದಲ್ಲಿ ನುಡಿದಂತೆ ಕೇಳುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಇದು ಜೊತೆಗೇ ಬರುತ್ತದೆ.

ಮಾಡುವ ಬಗೆ: ಒಂದು ಬಲೂನ್ ಊದಿ, ಫೋನನ್ನು ಕೆಲವು ಮೀಟರ್ ದೂರ ಇಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಆಟೊ ಗೇನ್ (ಸದ್ದಿನ ಮಟ್ಟವನ್ನು ತಾನೇ ಏರಿಳಿಸುವುದು) ಇದ್ದರೆ ಆಫ್ ಮಾಡಿ, ವೇವ್ ಫೈಲ್ ಆರಿಸಿ. ಲೆವೆಲ್ ತಗ್ಗಿಸಿ, ಸದ್ದು ಒಡೆಯಬಾರದು. ಬಲೂನ್ ಒಡೆದು, ಗುಂಗು ಪೂರ್ತಿ ಅಡಗುವವರೆಗೆ ಅಲ್ಲಾಡದೆ ನಿಲ್ಲಿ. ನಾಲ್ಕಾರು ಸಲ ಮಾಡಿ, ಶುದ್ಧವಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಒಡೆಯುವ ಕ್ಷಣಕ್ಕಿಂತ ಮುಂಚಿನದನ್ನು ಕತ್ತರಿಸಿ.

ಎಲ್ಲಿ ಮಾಡುವುದು? ಕೆಂಪುಕಲ್ಲಿನ ಬಾವಿ ಬಹಳ ಒಳ್ಳೆಯದು. ಬಾವಿಯ ಗುಂಗಿನಲ್ಲಿ ಒಂದೆರಡು ಸ್ವರ ಎದ್ದು ಕೇಳುತ್ತವೆ, ನಿಮ್ಮ ಹಾಡಿನ ಶ್ರುತಿಗೆ ಅದು ಕೂಡಿದರೆ ಮತ್ತೇನು ಬೇಕು. ಅಡಿಕೆ ತುಂಬಿಡುವ ಖಾಲಿ ಮಾಳಿಗೆ, ಶಾಲೆಯ ರಜಾದಿನದ ಕಾರಿಡಾರ್, ಹೆದ್ದಾರಿ ಕೆಳಗಿನ ಸಿಮೆಂಟ್ ಮೋರಿ ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಬೇರೆಯವರ ಜಾಗ ಆದರೆ ಕೇಳಿಕೊಂಡು ಮಾಡಿ. ಗುಡಿ, ಇಗರ್ಜಿಗಳಲ್ಲಿ ಬಲೂನ್ ಬೇಡ, ಒಪ್ಪಿಗೆ ಇದ್ದರೆ ಒಂದು ಚಪ್ಪಾಳೆ ಸಾಕು. ಕಾಡಿನೊಳಗೆ, ಯಾಣದಂಥ ಕಡೆ ಬಲೂನ್ ಒಡೆಯಬೇಡಿ. ಅಲ್ಲಿ ಪ್ರಾಣಿ ಪಕ್ಷಿಗಳಿವೆ, ಹೆಜ್ಜೇನು ಗೂಡೂ ಇರಬಹುದು. ಲೆಕ್ಕದಿಂದಲೂ ಕೆಲಸ ಆಗುತ್ತದೆ: ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 50 ಮೀಟರ್ ದೂರದ ಬಂಡೆಗೆ ಬಡಿದು ವಾಪಸ್ ಬರಲು 290 ಮಿಲಿಸೆಕೆಂಡ್ ಬೇಕು. ನಿಮ್ಮ ಡಿಲೇಯನ್ನು ಅಷ್ಟಕ್ಕೆ ಇಡಿ.

ಮಳೆಗಾಲದಲ್ಲಿ ಪೆಡಲ್, ಗಿಟಾರ್ ಕಾಪಾಡುವುದು ಹೇಗೆ?

ಕಡಲ ಬದಿಯವರ ಶತ್ರು ಉಪ್ಪುಗಾಳಿ, ಘಟ್ಟದ ಮೇಲಿನವರ ಶತ್ರು ಬೂಷ್ಟು. ಎರಡಕ್ಕೂ ಒಂದೇ ಮದ್ದು: ಗಾಳಿ ಆಡದ ಡಬ್ಬಿ ಮತ್ತು ಸಿಲಿಕಾ ಜೆಲ್. ರಬ್ಬರ್ ಸುತ್ತು ಇರುವ ಪ್ಲಾಸ್ಟಿಕ್ ಡಬ್ಬಿ ಆದೀತು. ಬಣ್ಣ ಬದಲಿಸುವ ಜೆಲ್ ತಗೊಂಡರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಜೂನ್‌ಗೆ ಮೊದಲು ಎಲ್ಲ ಪೆಡಲ್‌ಗಳಿಂದ 9 ವೋಲ್ಟ್ ಬ್ಯಾಟರಿ ತೆಗೆದುಬಿಡಿ. ಸೋರಿದ ಬ್ಯಾಟರಿ ಬೋರ್ಡನ್ನೇ ತಿನ್ನುತ್ತದೆ. ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು ನಾಬ್ ಹಲವು ಸಲ ತಿರುಗಿಸಿ. ತಂತಿಗಳನ್ನು ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಲೇಪ ಹಾಕಿದ ಕೋಟೆಡ್ ತಂತಿ ಸ್ವಲ್ಪ ದುಬಾರಿ ಆದರೂ ಕಾರವಾರದಲ್ಲಿ ಅದೇ ಕಡಿಮೆ ಖರ್ಚು. ಗಿಟಾರನ್ನು ಹೊರಗಿನ ಗೋಡೆಗೆ ತೂಗುಹಾಕಬೇಡಿ, ಮಳೆಯಲ್ಲಿ ಆ ಗೋಡೆ ಒಳಗಿಂದಲೂ ಹಸಿಯಾಗಿರುತ್ತದೆ.

ಇನ್ವರ್ಟರ್‌ಗೆ ಹೋದ ಕೂಡಲೇ ಗಿಟಾರ್ ಗುಂಯ್ ಅನ್ನುತ್ತದೆ. ಪೆಡಲ್ ಹಾಳಾಗಿದೆಯಾ?

ಇಲ್ಲ. ಅಗ್ಗದ ಇನ್ವರ್ಟರ್‌ಗಳು ಚೌಕ ಅಲೆ ಕೊಡುತ್ತವೆ. ಅದರಲ್ಲಿ 50 ಹರ್ಟ್ಸ್ ಜೊತೆ 150, 250 ಅಂತ ಮೇಲಿನ ಸದ್ದುಗಳೂ ಇರುತ್ತವೆ. ಫಜ್ ಅವನ್ನೆಲ್ಲ ಹಿಗ್ಗಿಸಿ ಕೇಳಿಸುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಈ ತೊಂದರೆ ಬಹಳ ಕಡಿಮೆ. ಇಲ್ಲವೇ ಕರೆಂಟ್ ಇಲ್ಲದಾಗ ಪೆಡಲ್‌ಗಳನ್ನು ಬ್ಯಾಟರಿಯಲ್ಲಿ ಓಡಿಸಿ.

ಕರೆಂಟ್ ಇದ್ದಾಗಲೂ ಗುಂಯ್ ಅಂದರೆ ಎರಡು ನೋಡಿ. ಒಂದೇ ಅಡಾಪ್ಟರ್‌ನಿಂದ ಅನಲಾಗ್ ಫಜ್ ಮತ್ತು ಡಿಜಿಟಲ್ ರಿವರ್ಬ್ ಎರಡಕ್ಕೂ ಕೊಟ್ಟಿದ್ದರೆ ಬೇರೆ ಮಾಡಿ, ಸಾಧ್ಯವಾದರೆ ಪ್ರತಿ ಪೆಡಲ್‌ಗೂ ಬೇರೆ ಬೇರೆಯಾಗಿ ಕರೆಂಟ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈ ತಗೊಳ್ಳಿ. ಮತ್ತೆ, ತಂತಿ ಮುಟ್ಟಿದಾಗ ಸದ್ದು ನಿಂತು ಕೈ ತೆಗೆದಾಗ ಶುರುವಾದರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸದ್ದು ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಕೆಲಸಕ್ಕೆ ಕೈಹಾಕಲೇಬೇಡಿ, ಜೀವಕ್ಕೆ ಅಪಾಯ. ಗುಡುಗು ಸಿಡಿಲು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ.

ಕನ್ನಡದಲ್ಲಿ, ಕೊಂಕಣಿಯಲ್ಲಿ ಹಾಡಿದರೆ ಹೊಂದುತ್ತದಾ?

ಬಹಳ ಚೆನ್ನಾಗಿ. ಕನ್ನಡದ ಮಾತುಗಳು ಹೆಚ್ಚಿನವು ಸ್ವರದಲ್ಲೇ ಮುಗಿಯುತ್ತವೆ, ಎಳೆದು ಹಾಡಲು ಸುಲಭ. ದನಿ ಸದ್ದಿನೊಳಗೆ ಕರಗಬೇಕಾದ ಸಂಗೀತಕ್ಕೆ ಅದಕ್ಕಿಂತ ಏನು ಬೇಕು? ಒಂದೇ ಸಾಲನ್ನು ಎರಡು ಸಲ ಹಾಡಿ ರೆಕಾರ್ಡ್ ಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಇಡಿ. ಜೋರಾಗಿ ಹಾಡಬೇಡಿ, ಮೈಕ್ ಹತ್ತಿರ ಪಿಸುಗುಟ್ಟಿದ ಹಾಗೆ ಹಾಡಿ. ಮನೆಯಲ್ಲಿ ಮಾತಾಡುವ ಹವ್ಯಕ, ನಾಡವರ, ಹಾಲಕ್ಕಿ ಮಾತಿನಲ್ಲೇ ಬರೆದರೆ ಇನ್ನೂ ಒಳ್ಳೆಯದು.

ನಾನು ಹಿಂದೂಸ್ತಾನಿ ಕಲಿತಿದ್ದೇನೆ. ಅದು ಇಲ್ಲಿ ಉಪಯೋಗಕ್ಕೆ ಬರುತ್ತದಾ?

ನಿಮಗೆ ಈಗಾಗಲೇ ಅರ್ಧ ಗೊತ್ತಿದೆ. ತಂಬೂರಿಯ ಜವಾರಿ ಏನು ಮಾಡುತ್ತದೆ? ಒಂದು ತಂತಿಯಿಂದ ಹತ್ತಾರು ಮೇಲಿನ ಸ್ವರಗಳನ್ನು ಎಬ್ಬಿಸುತ್ತದೆ, ಅವು ಒಂದಕ್ಕೊಂದು ಬೆರೆತು ನಿಲ್ಲುತ್ತವೆ. ಶೂಗೇಜ್ ಗಿಟಾರಿಸ್ಟ್‌ಗಳು ಫಜ್ ಮತ್ತು ತೆರೆದ ತಂತಿಗಳಿಂದ ಹುಡುಕಿದ್ದೂ ಹೆಚ್ಚುಕಡಿಮೆ ಅದನ್ನೇ.

ಗಿಟಾರನ್ನು ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ತನ್ನಿ. ದಪ್ಪ ತಂತಿಯನ್ನು ಇ ಇಂದ ಡಿಗೆ, ಎರಡನೆಯದನ್ನು ಬಿ ಇಂದ ಎಗೆ, ಮೊದಲನೆಯದನ್ನು ಇ ಇಂದ ಡಿಗೆ ಇಳಿಸಿದರೆ ಆಯಿತು. ಡಿ ನಿಮ್ಮ ಷಡ್ಜ ಆದರೆ ತಂತಿಗಳು ಸ-ಪ-ಸ-ಮ-ಪ-ಸ. ಈಗ ಒಂದು ತಂತಿಯಲ್ಲಿ ರಾಗದ ನಡೆ ಹಿಡಿಯಿರಿ, ಉಳಿದವನ್ನು ತೆರೆದೇ ಬಾರಿಸಿ, ರಿವರ್ಬ್ ಮತ್ತು ಫಜ್ ಹಾಕಿ. ಮೀಂಡ್‌ನಲ್ಲಿ ಒಂದು ಸ್ವರ ಜಾರುತ್ತದೆ, ಟ್ರೆಮೊಲೊ ಕಡ್ಡಿಯಲ್ಲಿ ಶ್ರುತಿ ಸಮೇತ ಎಲ್ಲವೂ ಜಾರುತ್ತದೆ. ಹಿಂದೂಸ್ತಾನಿ ಕಲಿತ ಕಿವಿಗೆ ಮೊದಲು ಕಸಿವಿಸಿ ಆಗುತ್ತದೆ. ಸ್ವಲ್ಪ ದಿನ ಕೊಡಿ.

ಎಷ್ಟು ಜೋರಾಗಿ ನುಡಿಸಬೇಕು?

ಮನೆಯಲ್ಲಿ ಸಣ್ಣ ಆಂಪ್ ಸಾಕು. ದಟ್ಟತೆ ಬರುವುದು ಜೋಡಣೆಯಿಂದ, ಜೋರಿನಿಂದ ಮಾತ್ರ ಅಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬ ಲೆಕ್ಕ ಇದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಮೈ ಬ್ಲಡಿ ವ್ಯಾಲೆಂಟೈನ್ ಕಾರ್ಯಕ್ರಮಗಳಲ್ಲಿ ಬಾಗಿಲಲ್ಲೇ ಇಯರ್‌ಪ್ಲಗ್ ಹಂಚುತ್ತಾರೆ. ಹಾಳಾದ ಕಿವಿ ವಾಪಸ್ ಬರುವುದಿಲ್ಲ. ರಿಹರ್ಸಲ್‌ಗೂ ಪ್ಲಗ್ ಹಾಕಿ.

ಊರಿನ ಸ್ಟೇಜ್‌ನಲ್ಲಿ ನುಡಿಸುವಾಗ ಸೌಂಡ್ಸ್‌ನವರಿಗೆ ಏನು ಹೇಳಬೇಕು?

ಅವರು ರಸಮಂಜರಿ, ಯಕ್ಷಗಾನ, ಭಾಷಣಕ್ಕೆ ಸೆಟ್ ಮಾಡುವವರು. ದನಿ ಎಲ್ಲಕ್ಕಿಂತ ಮೇಲೆ ಇರಬೇಕು ಅನ್ನುವುದು ಅವರ ಕೆಲಸದ ನಿಯಮ, ಅದು ತಪ್ಪಲ್ಲ. ಹಾಗಾಗಿ ಮೊದಲೇ ಹೋಗಿ ಕೂತು ಮಾತಾಡಿ. ಒಂದು ರೆಕಾರ್ಡಿಂಗ್ ಅವರ ಫೋನಿನಲ್ಲೇ ಕೇಳಿಸಿ, ಅಣ್ಣ, ಗಿಟಾರ್ ಇಷ್ಟು ಮುಂದೆ, ದನಿ ಇಷ್ಟು ಹಿಂದೆ ಇರಲಿ ಅಂತ ತೋರಿಸಿ. ಗಿಟಾರಿನ ಒರಟು ಸದ್ದು ಬೇಕಂತಲೇ ಮಾಡಿದ್ದು, ಕೇಬಲ್ ಕೆಟ್ಟಿಲ್ಲ ಅಂತಲೂ ಹೇಳಿ, ಇಲ್ಲದಿದ್ದರೆ ಪಾಪ ಅವರು ನಡುವೆ ಓಡಿ ಬಂದು ವೈರ್ ಬದಲಿಸುತ್ತಾರೆ. ಸ್ಟೇಜ್ ಮೇಲೆ ನಿಮಗೇ ಕೇಳಿಸಲು ಇಡುವ ಸ್ಪೀಕರ್‌ನಲ್ಲಿ (ಮಾನಿಟರ್) ನಿಮ್ಮ ದನಿ, ಡ್ರಮ್ ಎರಡೇ ಸಾಕು. ರಿವರ್ಬ್ ನಿಮ್ಮ ಪೆಡಲ್‌ನಲ್ಲೇ ಇರುವುದರಿಂದ ಮಿಕ್ಸರ್‌ನಲ್ಲಿ ಗಿಟಾರಿಗೆ ಎಕೋ ಹಾಕುವುದು ಬೇಡ ಅಂತ ಹೇಳಲು ಮರೆಯಬೇಡಿ. ಬಯಲಿನಲ್ಲಿ, ಕಡಲ ದಂಡೆಯಲ್ಲಿ ಗೋಡೆಗಳಿಲ್ಲದ ಕಾರಣ ಸದ್ದು ತೆಳುವಾಗಿ ಕೇಳುತ್ತದೆ. ಮನೆಯಲ್ಲಿ ಇಟ್ಟದ್ದಕ್ಕಿಂತ ರಿವರ್ಬ್ ಸ್ವಲ್ಪ ಏರಿಸಿ, ಸೌಂಡ್ ಚೆಕ್‌ನಲ್ಲಿ ಒಬ್ಬ ಗೆಳೆಯನನ್ನು ಹಿಂದಿನ ಸಾಲಿಗೆ ಕಳಿಸಿ ಹೇಗೆ ಕೇಳುತ್ತದೆ ಅಂತ ಕೇಳಿಕೊಳ್ಳಿ.